ತಲೆಯ ಕಡೆಯಿಂದ ಕತ್ತರಿಸಿದ ಕೋಲು

ನಿನ್ನೆ ಸಂಜೆ ಹಾಕಿದ ಅಂಟು ಒಣಗಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೂರನೆಯ ಸಲ ಉಗುರಿನಿಂದ ಒತ್ತಿ ನೋಡಿದಳು. ಗಾಲ್ಫ್ ಮೈದಾನದ ಹಿಂಬದಿಯ ಈ ತಗಡಿನ ಶೆಡ್ಡಿನಲ್ಲಿ ನಲವತ್ತು ವರ್ಷದಿಂದ ಆಟದ ಕೋಲು ರಿಪೇರಿ ಮಾಡುತ್ತ ಬಂದವಳಿಗೆ ಅಂಟು ಒಣಗಿದೆಯೋ ಇಲ್ಲವೋ ಎನ್ನುವುದು ವಾಸನೆಯಲ್ಲೇ ತಿಳಿಯಬೇಕು, ತಿಳಿಯುತ್ತಿತ್ತು ಕೂಡ. ಇವತ್ತು ಮಾತ್ರ ಅವಳಿಗೆ ತನ್ನ ಮೂಗಿನ ಮೇಲೂ ನಂಬಿಕೆ ಇರಲಿಲ್ಲ. ಮೇಜಿನ ಮೇಲೆ ಏಳು ಕೋಲುಗಳು ಸಾಲಾಗಿ ಮಲಗಿದ್ದವು, ಏಳೂ ಎಡಗೈಯವು. ಎಡಗೈಯವರ ಕೋಲನ್ನು ಬಲಗೈಯವರು ನೋಡಿದರೆ ಏನೋ ಸರಿಯಿಲ್ಲ ಅನಿಸುತ್ತದೆ, ಏನು ಎಂದು ತಕ್ಷಣ ಹೊಳೆಯುವುದಿಲ್ಲ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿನ ಜಾಗದಲ್ಲಿ ಬಿಟ್ಟ ಹಾಗೆ. ಚೆಂಡಿಗೆ ತಾಗುವ ಮುಖ ಈ ಕಡೆ ಇರುವ ಬದಲು ಆ ಕಡೆ ಇರುತ್ತದೆ, ಅಷ್ಟೇ. ಒಂದನ್ನೆತ್ತಿ ಬೀಸಿ ನೋಡೋಣವೆಂದುಕೊಂಡಳು, ಹೇಗೆ ಹಿಡಿಯುವುದೆಂದು ಕೈಗೆ ತಿಳಿಯದೆ ಮತ್ತೆ ಇಟ್ಟಳು. ತಂಗಿ ಒಂಬತ್ತಕ್ಕೆ ಬರುತ್ತೇನೆ ಎಂದಿದ್ದಳು. ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿ ಹೋದ ವಾರ ನಿವೃತ್ತಳಾದ ತಂಗಿ. ಅವಳ ಒಂಬತ್ತೆಂದರೆ ಎಂಟು ಐವತ್ತೆಂಟು.

ಸೋಮವಾರ ಮೈದಾನಕ್ಕೆ ರಜೆ. ದುಡ್ಡು ಕಟ್ಟಿ ಆಡುವವರು ಬರುವುದಿಲ್ಲ, ಕೆಲಸದವರೂ ಅವರ ಮನೆಯವರೂ ಆಡಬಹುದು. ಅಪ್ಪನ ಕಾಲದಿಂದ ಹೀಗೆಯೇ. ಸೋಮವಾರಗಳಲ್ಲೇ ಅಕ್ಕ ತಂಗಿ ಇಬ್ಬರೂ ಆಟ ಕಲಿತದ್ದು, ಸೋಮವಾರಗಳಲ್ಲೇ ಈಗಲೂ ಆಡುವುದು, ಪ್ರತಿ ಸೋಮವಾರವೂ ಅಕ್ಕ ಗೆಲ್ಲುವುದು. ತಂಗಿಯ ನಿವೃತ್ತಿಗೆ ಏನು ಕೊಡಲಿ ಎಂದು ಯೋಚಿಸಲು ತೊಡಗಿ ಎಂಟು ತಿಂಗಳಾಗಿತ್ತು; ನಿಜ ಹೇಳಬೇಕೆಂದರೆ ಯೋಚಿಸಿದ್ದು ಒಂದೇ ಕ್ಷಣ, ಉಳಿದ ಎಂಟು ತಿಂಗಳೂ ಹೆದರಿದ್ದು. ಯಾರೋ ಗಿರಾಕಿಯ ವಿಚಾರವೆಂಬಂತೆ ಮೈದಾನದ ತರಬೇತುದಾರನನ್ನು ಕೇಳಿದ್ದಳು. ಹುಟ್ಟಾ ಎಡಚಿ, ಜೀವನವಿಡೀ ಬಲಗೈ ಕೋಲಿನಲ್ಲಿ ಆಡಿದವಳು, ಅರವತ್ತಕ್ಕೆ ಎಡಕ್ಕೆ ಬದಲಾಯಿಸಬಹುದೇ ಎಂದು. ಅವನು ಕಂಪ್ಯೂಟರಿನಲ್ಲಿ ಯಾರದೋ ಬೀಸಿನ ಹಸಿರು ಗೆರೆಗಳನ್ನು ತೋರಿಸುತ್ತ, ಮೈ ಒಮ್ಮೆ ಕಲಿತದ್ದನ್ನು ಮರೆಯುವುದಿಲ್ಲ ಮೇಡಂ, ಅವರಿಗೆ ವಾಕಿಂಗ್ ಮಾಡಲು ಹೇಳಿ ಎಂದು ನಕ್ಕಿದ್ದ. ಆ ನಗುವಿಗೆ ಅವಳ ಕಿವಿ ಬಿಸಿಯಾಯಿತು. ಜೊತೆಗೇ ಎದೆ ಹಗುರವೂ ಆಯಿತು, ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆ. ಯಾಕೆಂದರೆ ಈ ಏಳು ಕೋಲಿನಲ್ಲಿ ತಂಗಿಗೆ ಹೊಡೆಯಲು ಬಾರದೇ ಹೋದರೆ, ಎಡಗೈ ಆಟ ಅವಳಿಗೆ ಯಾವತ್ತೂ ಒಗ್ಗುತ್ತಿರಲಿಲ್ಲ ಎಂದು ಸಾಬೀತಾಗುತ್ತದೆ, ನಲವತ್ತೊಂಬತ್ತು ವರ್ಷದ ಮುಳ್ಳೊಂದು ತಾನಾಗಿ ಉದುರುತ್ತದೆ. ಬಂದರೆ? ಬಂದರೆ ತಾನು ಕಿತ್ತುಕೊಂಡದ್ದು ಎಷ್ಟು ಎನ್ನುವುದು ಕಣ್ಣೆದುರಿಗೇ ಹಾರಿ ಹೋಗಿ ಬೀಳುತ್ತದೆ, ಹೆಜ್ಜೆ ಹಾಕಿ ಅಳೆಯಬಹುದು. ಕೆಡಲಿ ದೇವರೇ ಎಂದು ಬೇಡಿಕೊಳ್ಳುತ್ತಲೇ ಕೂದಲೆಳೆಯಷ್ಟೂ ಕೆಡದ ಹಾಗೆ ಕೆಲಸ ಮಾಡಿದ್ದಳು. ತಂಗಿಗೆ ಗೊತ್ತಾಗದಂತೆ ಅವಳ ಎಡಗೈಯನ್ನು ಎಂಟು ತಿಂಗಳು ಕದ್ದು ನೋಡಿದ್ದಳು. ಅದು ಬಸ್ಸಿನ ಗಾಜು ಒರೆಸುವ ವೇಗ, ಬಕೆಟಿನ ನೀರು ಎರಚುವ ರೀತಿ, ಮಾತಿನ ನಡುವೆ ಎದುರಿಗಿದ್ದವರ ಬೆನ್ನಿಗೆ ಬೀಳುವ ಗುದ್ದಿನ ತೂಕ. ಆ ಗುದ್ದು ಹೆಚ್ಚಾಗಿ ಬೀಳುತ್ತಿದ್ದದ್ದು ಅವಳ ಬೆನ್ನಿಗೇ ಆದ್ದರಿಂದ ಅಳತೆಗೇನೂ ಕೊರತೆಯಾಗಲಿಲ್ಲ.

ನಲವತ್ತೊಂಬತ್ತು ವರ್ಷದ ಹಿಂದಿನ ಆ ಬೆಳಿಗ್ಗೆ ಅಪ್ಪನ ಕೈಯಲ್ಲಿ ಟೀ ಲೋಟ ಇತ್ತು. ಇದೇ ಶೆಡ್ಡಿನ ಹಿಂದೆ, ಸವೆದ ಚೆಂಡುಗಳನ್ನು ಸುರಿಯುತ್ತಿದ್ದ ಜಾಗದಲ್ಲಿ, ಹನ್ನೊಂದು ವರ್ಷದ ತಂಗಿ ಬಲಗೈ ಕೋಲೊಂದನ್ನು ತಿರುಗಾಮುರುಗಾ ಹಿಡಿದು, ಅದರ ಬೆನ್ನಿನಿಂದ ಚೆಂಡು ಹೊಡೆಯುತ್ತಿದ್ದಳು, ಎಡಗೈಯಲ್ಲಿ. ಯಾರೂ ಹೇಳಿಕೊಟ್ಟಿರಲಿಲ್ಲ. ಭುಜ ತಿರುಗಿತು, ಸೊಂಟ ತಿರುಗಿತು, ಕೋಲು ತನ್ನಷ್ಟಕ್ಕೆ ತಾನೇ ಬಂದು ಹೋಯಿತು, ಚೆಂಡು ಬೇಲಿಯಾಚೆ ಬಿತ್ತು. ಅಪ್ಪ ಕುಡಿಯುವುದನ್ನು ಮರೆತ. ಹದಿನಾಲ್ಕು ವರ್ಷದ ಅಕ್ಕ ಅವನ ಪಕ್ಕದಲ್ಲೇ ನಿಂತಿದ್ದಳು, ಅವನ ಮುಖ ನೋಡಿದಳು, ಆ ಮುಖ ತನ್ನ ಕಡೆಗೆ ಒಮ್ಮೆಯೂ ಹಾಗೆ ತಿರುಗಿದ್ದಿಲ್ಲ ಎನ್ನುವುದು ಅವಳಿಗೆ ಆ ಕ್ಷಣದಲ್ಲೇ ತಿಳಿದುಹೋಯಿತು. ಬೆಳಿಗ್ಗೆ ಐದಕ್ಕೆದ್ದು ಅಪ್ಪನ ಹಿಂದೆ ಬಂದು ಹುಲ್ಲು ಗುಡಿಸಿದವಳು ಅವಳು, ಶೆಡ್ಡಿನ ಕೆಲಸ ಕಲಿತವಳು ಅವಳು, ಬೀಸು ತಿದ್ದಿಕೊಳ್ಳಲು ಕೈಯಲ್ಲಿ ಬೊಬ್ಬೆ ಬರಿಸಿಕೊಂಡವಳೂ ಅವಳೇ. ಇವಳು ಎದ್ದು, ಹಲ್ಲೂ ಉಜ್ಜದೆ ಬಂದು, ಬೇಲಿ ದಾಟಿಸಿಬಿಟ್ಟಳು. ಹದಿನೈದು ದಿನಕ್ಕೆ ಅಪ್ಪ ಎಲ್ಲಿಂದಲೋ ಒಂದು ಎಡಗೈ ಕೋಲು ತಂದ, ದೊಡ್ಡವರ ಅಳತೆಯದು. ಆಗೆಲ್ಲ ಎಡಗೈ ಕೋಲೆಂದರೆ ಊರಿಗೊಂದೂ ಇರುತ್ತಿರಲಿಲ್ಲ. ಒಂದು ಗೇಣು ಕಡಿಮೆ ಮಾಡಿಡು, ಅವಳಿಗೆ ಹೇಳಬೇಡ ಎಂದು ಅಕ್ಕನ ಕೈಗೆ ಕೊಟ್ಟು ಮೈದಾನಕ್ಕೆ ಹೋದ. ಅವಳು ಒಬ್ಬಳೇ ಮಾಡಬೇಕಾಗಿದ್ದ ಮೊದಲ ಕೆಲಸ ಅದು.

ಕೋಲು ಗಿಡ್ಡ ಮಾಡುವುದೆಂದರೆ ಹಿಡಿಯ ಕಡೆಯಿಂದ ಕತ್ತರಿಸುವುದು. ಹಿಡಿಯ ರಬ್ಬರು ತೆಗೆದು, ಗರಗಸದಲ್ಲಿ ಒಂದು ಗೇಣು ಕೊಯ್ದು, ರಬ್ಬರು ಮತ್ತೆ ಹಾಕಿದರೆ ಮುಗಿಯಿತು. ಚೆಂಡಿಗೆ ತಾಗುವ ತಲೆಯ ಕಡೆ ಉಕ್ಕಿನ ದಂಡ ತೆಳ್ಳಗಿರುತ್ತದೆ, ಅಲ್ಲೇ ಅದು ಬಳುಕುವುದು, ಆ ಬಳುಕಿನಿಂದಲೇ ಚೆಂಡು ಮೇಲೇಳುವುದು. ಆ ಕಡೆಯಿಂದ ಕತ್ತರಿಸಿದರೆ ಕೋಲು ಕೋಲಾಗಿ ಉಳಿಯುವುದಿಲ್ಲ, ಹಾರೆಯಾಗುತ್ತದೆ. ಅವಳು ಆ ಕಡೆಯಿಂದಲೇ ಕತ್ತರಿಸಿದಳು. ಗೊತ್ತಾಗದೆ ಕತ್ತರಿಸಿದೆ, ಚಿಕ್ಕವಳು ನಾನು, ಗಡಿಬಿಡಿಯಲ್ಲಿ ತಪ್ಪಿತು ಎಂದು ತನಗೆ ತಾನೇ ಎಷ್ಟು ಸಾವಿರ ಸಲ ಹೇಳಿಕೊಂಡಿದ್ದಾಳೋ ಲೆಕ್ಕವಿಲ್ಲ. ಬೇರೆ ಯಾರಿಗಾದರೂ ಹೇಳಿದ್ದರೆ ನಂಬುತ್ತಿದ್ದರು. ಆದರೆ ಕೆಲಸ ಬಲ್ಲವರಿಗೆ ಆ ಸುಳ್ಳು ಒಂದು ನಿಮಿಷವೂ ನಿಲ್ಲುವುದಿಲ್ಲ, ಅವಳೋ ಕೆಲಸ ಬಲ್ಲವಳು. ತಲೆಯ ಕಡೆಯಿಂದ ಕತ್ತರಿಸಬೇಕಾದರೆ ಬೆಂಕಿ ಹಿಡಿದು, ಕಬ್ಬಿಣ ಕಾಯಿಸಿ, ತಲೆಯನ್ನು ಕಿತ್ತು ತೆಗೆಯಬೇಕು. ಕೊಯ್ದ ಮೇಲೆ ಉಳಿಯುವ ದಪ್ಪ ತುದಿ ತಲೆಯ ತೂತಿಗೆ ಹೋಗುವುದಿಲ್ಲ, ಅದನ್ನು ಅರದಿಂದ ಉಜ್ಜಿ ಉಜ್ಜಿ ಸಣ್ಣ ಮಾಡಬೇಕು. ಅವಳು ಉಜ್ಜಿದ್ದಳು. ಉಕ್ಕಿನ ಪುಡಿ ಪಾದದ ಮೇಲೆ ಬೀಳುತ್ತಿತ್ತು, ಹೊರಗೆ ಯಾರೋ ಹುಲ್ಲಿಗೆ ನೀರು ಬಿಟ್ಟಿದ್ದರು, ಅರ್ಧ ಗಂಟೆಯಲ್ಲಿ ಒಮ್ಮೆಯೂ ಕೈ ನಿಲ್ಲಲಿಲ್ಲ. ತಪ್ಪಿ ಆಗುವ ಕೆಲಸವಲ್ಲ ಅದು. ಅಪ್ಪ ಬಂದು ಕೋಲು ತಿರುವಿ ನೋಡಿದ, ಹಿಡಿ ನೆಟ್ಟಗಿದೆ ಎಂದ, ಭುಜ ತಟ್ಟಿದ. ಅಷ್ಟು ದಿನ ಕಾದಿದ್ದ ಭುಜದ ತಟ್ಟು ಅವತ್ತೇ ಸಿಗಬೇಕೇ. ಮರುದಿನ ತಂಗಿ ಆ ಕೋಲು ಬೀಸಿದಳು, ಚೆಂಡು ಹುಲ್ಲಿನಲ್ಲಿ ತೆವಳಿತು, ಅಂಗೈ ಝುಮ್ಮೆಂದು ಅತ್ತಳು. ನಾಲ್ಕು ದಿನ ಅತ್ತಳು. ಎಡಗೈ ಆಟ ಇವಳಿಗೆ ಒಗ್ಗಲ್ಲ, ಅವತ್ತು ಏನೋ ಅದೃಷ್ಟ ಎಂದು ಅಪ್ಪ ಬಲಗೈ ಕೋಲು ಕೊಟ್ಟ.

ಕೋಲು ಮೈಗೆ ಪಾಠ ಹೇಳುತ್ತದೆ, ಮೈ ಕೇಳಿಕೊಳ್ಳುತ್ತದೆ, ಆಮೇಲೆ ಕೋಲು ಬದಲಾದರೂ ಮೈ ಹಳೇ ಪಾಠವನ್ನೇ ಒಪ್ಪಿಸುತ್ತದೆ ಎಂದು ಅಪ್ಪ ಹೇಳುತ್ತಿದ್ದ. ತಂಗಿಯ ಮೈ ಕೇಳಿಕೊಂಡ ಪಾಠಗಳನ್ನೆಲ್ಲ ಅಕ್ಕ ಒಂದೊಂದಾಗಿ ಕಂಡಿದ್ದಳು, ಯಾಕೆಂದರೆ ಅಪ್ಪ ಕೆಲಸ ಬಿಟ್ಟ ಮೇಲೆ ತಂಗಿಯ ಕೋಲುಗಳನ್ನೆಲ್ಲ ಮಾಡಿಕೊಟ್ಟವಳು ಅವಳೇ. ಭಾರದ ಉಕ್ಕಿನ ಕಾಲದಲ್ಲಿ ತಂಗಿ ಕದ ಎಳೆಯುವವಳಂತೆ ಎಡಭುಜದಿಂದ ಎಳೆದು ಹೊಡೆದು, ಕೊನೆಗೆ ಎಡಗಾಲಿನ ಮೇಲೆ ಒಂದು ಸಲ ಕುಪ್ಪಳಿಸುತ್ತಿದ್ದಳು. ಮೈದಾನದಲ್ಲಿ ಅವಳಿಗೆ ಕಪ್ಪೆ ಎಂದು ಹೆಸರು ಬಿತ್ತು. ಕರೆದವರ ಜೊತೆ ತಾನೂ ನಗುತ್ತಿದ್ದಳು. ಮರದ ತಲೆ ಹೋಗಿ ಪೊಳ್ಳು ಉಕ್ಕಿನ ತಲೆ ಬಂದಾಗ, ಅದರ ಠಣ್ ಸದ್ದಿಗೆ ಖುಷಿಯಾಗಿ ಇನ್ನೂ ಜೋರಾಗಿ ಹೊಡೆಯತೊಡಗಿದಳು, ಕುಪ್ಪಳಿಕೆ ಎರಡಾಯಿತು. ಗ್ರಾಫೈಟಿನ ದಂಡ ಬಂತು, ಕೋಲು ಅರ್ಧಕ್ಕರ್ಧ ಹಗುರವಾದ ಹಾಗಾಯಿತು. ಭಾರಕ್ಕೆ ಒಗ್ಗಿದ ಕೈ ಮೈಗಿಂತ ಮೊದಲೇ ಓಡಿಹೋಗಿ ಚೆಂಡೆಲ್ಲ ಬಲಗಡೆಯ ಮರಗಳ ಪಾಲಾಯಿತು. ಅಕ್ಕ ತಲೆಯ ಹಿಮ್ಮಡಿಗೆ ಸೀಸದ ಪಟ್ಟಿ ಅಂಟಿಸಿದಳು, ಹಿಡಿ ದಪ್ಪ ಮಾಡಿದಳು, ಮುಖವನ್ನು ಒಂದು ಕೂದಲಷ್ಟು ಒಳಗೆ ತಿರುಗಿಸಿದಳು. ಆಮೇಲೆ ದೊಡ್ಡ ತಲೆಯ ಕೋಲುಗಳು ಬಂದವು, ಎಲ್ಲಿ ತಾಗಿದರೂ ನೆಟ್ಟಗೆ ಹೋಗುವಂಥವು, ತಂಗಿ ಸೋಮಾರಿಯಾಗಿ ಮೊಣಕಾಲು ಬಗ್ಗಿಸುವುದನ್ನೇ ಬಿಟ್ಟಳು. ಅದಕ್ಕೂ ಅಕ್ಕನ ಹತ್ತಿರ ಮದ್ದಿತ್ತು. ಊರಿನವರಿಗೆಲ್ಲ ಇಷ್ಟು ಮುತುವರ್ಜಿಯಿಂದ ಕೋಲು ಮಾಡುತ್ತಿರಲಿಲ್ಲ ಅವಳು, ಅದು ತಂಗಿಗೂ ಗೊತ್ತಿತ್ತು, ನಮ್ಮಕ್ಕನಂಥ ಅಕ್ಕ ಇಲ್ಲ ಎಂದು ಬಸ್ಸಿನವರಿಗೆಲ್ಲ ಹೇಳಿಕೊಂಡು ಬಂದಳು. ಸೋತ ದಿನ ಮಾತ್ರ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ನನ್ನ ಕಥೆ ಅದೇ ಬಿಡು ಎನ್ನುತ್ತಿದ್ದಳು. ಹಾಗೆಂದಾಗಲೆಲ್ಲ ಅಕ್ಕ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ನೆಲ ನಿಜವಾಗಿಯೂ ಡೊಂಕೇ ಇತ್ತು, ಡೊಂಕು ಮಾಡಿದವಳು ಪಕ್ಕದಲ್ಲೇ ನಿಂತು ಅಂಕ ಬರೆದುಕೊಳ್ಳುತ್ತಿದ್ದಳು.

ಎಂಟು ಐವತ್ತೆಂಟಕ್ಕೆ ತಂಗಿ ಬಂದಳು. ಬಸ್ಸಿಲ್ಲದ ಬೆಳಿಗ್ಗೆ ಎಂದರೆ ಏನು ಮಾಡಬೇಕೋ ತಿಳಿಯದೆ ಐದಕ್ಕೇ ಎದ್ದು ಮನೆಯ ಕಿಟಕಿಗಳನ್ನೆಲ್ಲ ತೊಳೆದೆ ಎನ್ನುತ್ತಲೇ ಒಳಗೆ ಕಾಲಿಟ್ಟವಳು ಮೇಜಿನ ಮುಂದೆ ನಿಂತುಬಿಟ್ಟಳು. ಎಡಗೈ ತಾನಾಗಿ ಮುಂದೆ ಹೋಗಿ ನಡುವಿನ ಕೋಲನ್ನು ಎತ್ತಿತು. ಯಾರದಿವು ಎಂದು ಕೇಳಿದಳು. ನಿಂದೇ ಎಂದು ಅಕ್ಕ ಹೇಳಿದಾಗ ಕೋಲಿನ ಮುಖವನ್ನು ಸೆರಗಿನಿಂದ ಒರೆಸಿದಳು, ಅದರಲ್ಲಿ ಧೂಳೇನೂ ಇರಲಿಲ್ಲ. ಆಮೇಲೆ ಈ ವಯಸ್ಸಲ್ಲಿ ನನ್ನ ಮಾನ ಕಳೀಬೇಕು ಅಂತಲೇ ಮಾಡಿದೀಯ ಎಂದು ಅಕ್ಕನ ಬೆನ್ನಿಗೆ ಒಂದು ಗುದ್ದು ಹಾಕಿ, ಏಳೂ ಕೋಲನ್ನು ಬಗಲಿಗೆ ಸೇರಿಸಿಕೊಂಡು, ಅಭ್ಯಾಸದ ಬಯಲಿಗೆ ಅವಳೇ ಮುಂದೆ ನಡೆದಳು.

ಮೊದಲನೆಯದು ಚೆಂಡಿಗೆ ತಾಗಲೇ ಇಲ್ಲ. ಎರಡನೆಯದೂ ಇಲ್ಲ. ಮೂರನೆಯದಕ್ಕೆ ಹುಲ್ಲಿನ ಹೆಂಟೆ ಎದ್ದು ಚೆಂಡಿಗಿಂತ ದೂರ ಹೋಯಿತು. ತಂಗಿ ಬಿದ್ದು ಬಿದ್ದು ನಕ್ಕಳು, ಹೆಂಟೆಯನ್ನು ತಂದು ಅದರ ಜಾಗದಲ್ಲೇ ಇಟ್ಟು ಕಾಲಿನಿಂದ ಒತ್ತಿದಳು. ಚೆಂಡಿನ ಬಕೆಟಿನ ಪಕ್ಕ ನಿಂತಿದ್ದ ಅಕ್ಕನಿಗೆ ಉಸಿರು ಸಲೀಸಾಗಿ ಆಡತೊಡಗಿತ್ತು. ಒಗ್ಗಲ್ಲ, ಒಗ್ಗಲ್ಲ, ಅಪ್ಪ ಹೇಳಿದ್ದೇ ಸರಿ ಎಂದು ಒಳಗಿನಿಂದ ಯಾರೋ ಜೋಗುಳ ಹಾಡುತ್ತಿದ್ದರು. ಆರನೆಯದು, ಎಂಟನೆಯದು. ಎಡಕ್ಕೆ ನಿಂತರೂ ತಂಗಿಯ ಮೈ ಬಲಗೈಯ ಪಾಠವನ್ನೇ ಒಪ್ಪಿಸುತ್ತಿತ್ತು, ಯಾವ ಕಾಲಿನ ಮೇಲೆ ಕುಪ್ಪಳಿಸಬೇಕೆಂದು ಪಾದಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ಈ ಜೋಗುಳಕ್ಕೆ ಮಲಗಿಬಿಡಬಹುದಾಗಿತ್ತು. ಆದರೆ ಕಸುಬಿನ ಅಭ್ಯಾಸ ಕೆಟ್ಟದ್ದು. ನಲವತ್ತು ವರ್ಷ ಬೀಸುಗಳನ್ನೇ ನೋಡಿದ ಕಣ್ಣಿಗೆ ತಪ್ಪು ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಹೊಡೀಬೇಡ, ಆ ಬೇಲಿ ಕಡೆ ಬಕೆಟಿನ ನೀರು ಎರಚೋ ಹಾಗೆ ಬೀಸು ಎಂದು ಹೇಳಿಯೇಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತಂಗಿ ಚೆಂಡು ನೋಡುವುದನ್ನು ಬಿಟ್ಟು ಬೇಲಿ ನೋಡಿದಳು. ಭುಜ ತಿರುಗಿತು, ಸೊಂಟ ತಿರುಗಿತು.

ಸದ್ದು ಸಣ್ಣದು, ಒಣ ಕಡ್ಡಿ ಮುರಿದಷ್ಟೇ. ಚೆಂಡು ಎದ್ದಿತು, ಏಳುತ್ತಲೇ ಹೋಯಿತು, ನೂರು ಗಜದ ಹಲಗೆಯನ್ನು ದಾಟಿ ನೆಟ್ಟಗೆ ಬಿದ್ದು ಪುಟಿಯಿತು. ತಂಗಿ ಕೋಲನ್ನು ಹೆಗಲ ಮೇಲೆ ಹಾಗೇ ಹಿಡಿದು ನಿಂತಿದ್ದಳು, ಒಂದು ಕುಪ್ಪಳಿಕೆಯೂ ಇಲ್ಲದೆ. ಹನ್ನೊಂದು ವರ್ಷದ ಹುಡುಗಿಯ ಬೀಸು ಅದು, ಒಂದಿಷ್ಟೂ ಹಳತಾಗಿರಲಿಲ್ಲ. ಅಕ್ಕ ಕಾದಿದ್ದ ಹೊಡೆತ ಎದೆಗೆ ಬೀಳಲಿಲ್ಲ. ಅವಳ ಬಾಯಿ ತೆರೆದು ಭೇಷ್ ಎಂದಿತು, ಕಣ್ಣಿನಲ್ಲಿ ನೀರು ಬಂತು, ಇಷ್ಟು ಖುಷಿ ತನಗೆ ತನ್ನ ಯಾವ ಗೆಲುವಿನಲ್ಲೂ ಆಗಿರಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟಳು. ಇನ್ನೊಂದು ಹೋಯಿತು, ಒಂದು ತಪ್ಪಿತು, ಮತ್ತೆರಡು ಹೋದವು. ತಂಗಿ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡು, ಈ ಕೈಗೆ ಬಂಗಾರದ ಬಳೆ ಹಾಕಿಸಬೇಕು ಎಂದಳು, ಅಪ್ಪ ಇದ್ದಿದ್ದರೆ ನಿನ್ನ ಭುಜ ತಟ್ಟುತ್ತಿದ್ದ ಎಂದಳು. ಅಷ್ಟಕ್ಕೆ ಅಕ್ಕ ಕೈ ಬಿಡಿಸಿಕೊಂಡಳು.

“ಅಪ್ಪ ನಿಂಗೆ ಕೊಟ್ಟಿದ್ದ ಎಡಗೈ ಕೋಲು ಕತ್ತರಿಸಿದ್ದು ನಾನು. ತಲೆ ಕಡೆಯಿಂದ ಕತ್ತರಿಸಿದೆ. ಗೊತ್ತಿದ್ದೇ ಕತ್ತರಿಸಿದೆ.”

ತಂಗಿಗೆ ವಿವರಿಸಬೇಕಾಗಲಿಲ್ಲ, ಅವಳೂ ಅದೇ ಶೆಡ್ಡಿನಲ್ಲಿ ಬೆಳೆದವಳು. ಮುಖದ ಮೇಲಿದ್ದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಎರಡು ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು.

“ದಪ್ಪ ತುದಿ ಒಳಗೆ ಹೋಗಲ್ವಲ್ಲ. ಅರ ಹಾಕಿದ್ಯಾ?”

“ಹಾಕಿದೆ.”

“ಎಷ್ಟು ಹೊತ್ತು?”

“ಅರ್ಧ ಗಂಟೆ.”

“ಅರ್ಧ ಗಂಟೆ ಅರ ಉಜ್ಜಿದ್ರೂ ಹೊಟ್ಟೆಕಿಚ್ಚು ಆರಲಿಲ್ವಾ ನಿಂಗೆ?”

ಅಕ್ಕ ತಲೆಯಾಡಿಸಿದಳು, ಇಲ್ಲ ಎಂದು. ಬಯಲಿನ ಆ ತುದಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ತಿರುಗಿ ಮತ್ತೆ ಈ ಕಡೆ ಬಂತು. ಬೈಯಲಿ, ಕೋಲು ಎಸೆದು ಹೋಗಲಿ, ಇನ್ನು ಸೋಮವಾರಗಳೇ ಬೇಡ ಎನ್ನಲಿ ಎಂದು ಅಕ್ಕ ಒಂದೊಂದನ್ನೇ ಮನಸ್ಸಿನಲ್ಲಿ ಒಪ್ಪಿಕೊಳ್ಳುತ್ತ ಬಂದಳು. ತಂಗಿ ಬಕೆಟನ್ನು ಹುಲ್ಲಿನ ಮೇಲೆ ಬೋರಲು ಹಾಕಿ, ಟಿಕೆಟ್ ಎಣಿಸುವವಳಂತೆ ಬೆರಳಾಡಿಸುತ್ತ, ನಲವತ್ತೊಂಬತ್ತು ಚೆಂಡುಗಳನ್ನು ಸಾಲಾಗಿ ಜೋಡಿಸಿದಳು. ಎಡಗೈ ಕೋಲೊಂದನ್ನು ತಂದು ಬಲಗೈಯ ಅಕ್ಕನಿಗೆ ಕೊಟ್ಟಳು.

“ತಿರುಗಿ ನಿಂತ್ಕೋ. ಒಗ್ಗದೇ ಇರೋ ಕೋಲಲ್ಲಿ ನಾನು ಹೊಡೆದಿಲ್ವಾ? ನೀನೂ ಹೊಡಿ. ವರ್ಷಕ್ಕೊಂದು.”

ಅಕ್ಕ ತಿರುಗಿ ನಿಂತಳು. ಅರವತ್ತಮೂರು ವರ್ಷದ ಮೈಯಲ್ಲಿ ಇಂಥ ಭಾಗವೂ ಇತ್ತೇ ಎನ್ನುವಂತೆ ಎಲ್ಲವೂ ತಪ್ಪು ಜಾಗದಲ್ಲಿತ್ತು. ಬಲಗೈ ಎಲ್ಲಿ, ಎಡಗೈ ಎಲ್ಲಿ, ಹೆಬ್ಬೆರಳು ಯಾರದು. ಬೀಸಿದಳು, ಗಾಳಿ ಬಂತು. ಅದು ನನಗೆ ಹನ್ನೊಂದು, ನಾನು ಅತ್ತ ವರ್ಷ ಎಂದಳು ತಂಗಿ. ಎರಡನೆಯದು ಮೊಣಕಾಲಿಗೆ ತಾಗಿತು, ನಾಲ್ಕನೆಯದಕ್ಕೆ ಅಕ್ಕ ಒಂದು ಸುತ್ತು ಪೂರ್ತಿ ತಿರುಗಿ ಹುಲ್ಲಿನ ಮೇಲೆ ಕೂತುಬಿಟ್ಟಳು. ತಂಗಿ ತುಟಿ ಬಿಗಿದು ತಡೆದುಕೊಳ್ಳಲು ನೋಡಿದಳು. ಐದನೆಯದಕ್ಕೆ ಅಕ್ಕನ ಕಾಲು ತಾನಾಗಿ ಕುಪ್ಪಳಿಸಿತು. ಕಪ್ಪೆ ಎಂದು ಇಬ್ಬರೂ ಒಟ್ಟಿಗೇ ಅಂದರು, ಅಲ್ಲಿಗೆ ತಂಗಿಯ ಬಿಗಿತವೆಲ್ಲ ಹೋಯಿತು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಕ್ಕನೂ ಕೋಲಿಗೆ ಒರಗಿ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ನಕ್ಕರೂ ಬಿಡಲಿಲ್ಲ ತಂಗಿ. ಇದು ಠಣ್ ಅನ್ನೋ ಕೋಲು ಬಂದ ವರ್ಷ, ಇದು ನನಗೆ ಬಸ್ಸು ಸಿಕ್ಕ ವರ್ಷ, ಜೋರಾಗಿ ಹೊಡಿ, ಇದು ನೀನು ಸೀಸ ಅಂಟಿಸಿದ್ದು, ಇದು ಅಪ್ಪ ಹೋದ ವರ್ಷ, ಇದನ್ನ ಮೆಲ್ಲಗೆ ಹೊಡಿ. ಅದನ್ನು ಅಕ್ಕ ಮೆಲ್ಲಗೆ ಹೊಡೆದಳು, ಅದು ಹತ್ತು ಹೆಜ್ಜೆ ಉರುಳಿ ನಿಂತಿತು. ಇಪ್ಪತ್ತರ ಹೊತ್ತಿಗೆ ಅಂಗೈ ಉರಿಯುತ್ತಿತ್ತು. ತಾನೇ ಮಾಡಿದ ಕೋಲು, ಎಷ್ಟು ಒಳ್ಳೆಯ ಕೋಲು ಎನ್ನುವುದು ಆ ಉರಿಯಲ್ಲೂ ತಿಳಿಯುತ್ತಿತ್ತು.

ಇಪ್ಪತ್ತೆಂಟನೆಯದಕ್ಕೆ ಏನಾಯಿತೋ ಅವಳಿಗೂ ಗೊತ್ತಿಲ್ಲ. ಸುಸ್ತಾಗಿ ಮೈ ಏನನ್ನೂ ಯೋಚಿಸದೆ ತಿರುಗಿತು, ಒಣ ಕಡ್ಡಿ ಮುರಿದ ಸದ್ದು ಬಂತು, ಚೆಂಡು ಎತ್ತರಕ್ಕೆ ಎದ್ದು, ತಂಗಿಯ ಚೆಂಡುಗಳೆಲ್ಲ ಬಿದ್ದ ಜಾಗವನ್ನು ದಾಟಿ ಹೋಗಿ ಬಿತ್ತು. ತಂಗಿಯ ನಗು ನಿಂತಿತು. ಎರಡು ಹೆಜ್ಜೆಗೆ ಬಂದು ಅಕ್ಕನ ಕೈಯಿಂದ ಕೋಲು ಕಿತ್ತುಕೊಂಡಳು, ಕಿತ್ತುಕೊಂಡ ಮೇಲೆ ತನ್ನ ಕೈಯನ್ನೇ ನೋಡಿದಳು.

“ಅಯ್ಯೋ, ನನ್ನ ಹೊಟ್ಟೆನೂ ಉರಿದುಬಿಡ್ತು ಕಣೇ ಅಕ್ಕ,” ಎಂದಳು, ತೀರಾ ಬೆರಗಿನಿಂದ.

ಅಕ್ಕ ಉಳಿದ ಚೆಂಡುಗಳ ಸಾಲನ್ನು ಎಣಿಸಿದಳು. ಆಮೇಲೆ, ಇನ್ನೂ ಇಪ್ಪತ್ತೊಂದು ಇದೆ ಎಂದಳು.

“ಅವು ನನ್ನವು. ಸರಿ ಆ ಕಡೆ.”

ಅಕ್ಕ ಆ ಕಡೆ ಸರಿದು ಹುಲ್ಲಿನ ಮೇಲೆ ಕೂತಳು, ಉರಿಯುವ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು, ನೋಡಲು.